ರಸ್ತೆ ಮುಚ್ಚಿದ ರಾತ್ರಿಯ ವಾದ

ಸಾಲ್ಟ್ ಲೇಕ್ ಸಿಟಿಯ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ನವೆಂಬರ್ ಬಂತೆಂದರೆ ಒಂದು ಪ್ರಶ್ನೆ ಏಳುತ್ತದೆ. ಊಟ ಮುಗಿದು, ನಾಲ್ಕು ಜನ ಬೆಂಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತಾಗ, ಊರಿಗೆ ಹೊಸದಾಗಿ ಬಂದ ಯಾರಾದರೊಬ್ಬರು ನನ್ನ ಕಡೆ ತಿರುಗುತ್ತಾರೆ: "ಈ ವರ್ಷ ಮಗೂನ ಬೆಟ್ಟಕ್ಕೆ ಕರ್ಕೊಂಡು ಹೋಗ್ಬೇಕು ಅಂತಿದೀವಿ. ಮೊದ್ಲು ಸ್ಕೀ ಕಲಿಸೋದೋ, ಸ್ನೋಬೋರ್ಡೋ?" ನಾನು ಫಿಸಿಯೋಥೆರಪಿಸ್ಟ್. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಬೆಟ್ಟದ ಮೇಲೆ ಪೆಟ್ಟಾಗಿ ಬಂದ ಮೊಣಕಾಲು, ಮಣಿಕಟ್ಟುಗಳನ್ನು ಸರಿಮಾಡುವುದೇ ನನ್ನ ಕೆಲಸ. ಹಾಗಾಗಿ ನನ್ನ ಹತ್ತಿರ ಉತ್ತರ ಇರುತ್ತದೆ ಎಂದು ಅವರ ನಂಬಿಕೆ. ಉತ್ತರ ಇದೆ. ಆದರೆ ಅದನ್ನು ಒಂದೇ ಮಾತಿನಲ್ಲಿ ಹೇಳಿದರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. 2023ರ ಚಳಿಗಾಲದಲ್ಲಿ ನಾವೆಲ್ಲ ಒಂದು ಲಾಡ್ಜಿನಲ್ಲಿ ಸಿಕ್ಕಿಕೊಂಡ ರಾತ್ರಿಯ ಕಥೆಯನ್ನು ಸೇರಿಸಿಯೇ ಹೇಳಬೇಕು.

ಲಿಟಲ್ ಕಾಟನ್‌ವುಡ್ ಕಣಿವೆಗೆ ಕಾರು ಹೋಗುವುದಕ್ಕೆ ಇರುವುದು ಒಂದೇ ರಸ್ತೆ. ನಗರದ ಅಂಚಿನಿಂದ ಶುರುವಾಗಿ, ಎರಡು ಬದಿಯ ಬಂಡೆಗಳ ನಡುವೆ ಏರುತ್ತ ಹೋಗಿ, ಮೊದಲು ಸ್ನೋಬರ್ಡ್, ಅದರಾಚೆ ಆಲ್ಟಾ ಎಂಬ ಸ್ಕೀ ಬೆಟ್ಟಗಳನ್ನು ಮುಟ್ಟುತ್ತದೆ. ಆಲ್ಟಾದ ಬುಡವೇ ಸುಮಾರು 8,500 ಅಡಿ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಎರಡು ಸಾವಿರ ಅಡಿ ಮೇಲೆ. ಇಳಿಜಾರುಗಳಲ್ಲಿ ಹೊಸ ಹಿಮ ಭಾರವಾದಾಗ ಅದು ಕುಸಿದು ನೇರ ರಸ್ತೆಯ ಮೇಲೆ ಬರುತ್ತದೆ, ಆಗ ರಸ್ತೆ ಮುಚ್ಚುತ್ತಾರೆ. ಅಪಾಯ ಇನ್ನೂ ಹೆಚ್ಚಾದರೆ ಇಂಟರ್‌ಲಾಡ್ಜ್ ಜಾರಿಗೆ ಬರುತ್ತದೆ. ಯಾರು ಯಾವ ಕಟ್ಟಡದಲ್ಲಿದ್ದಾರೋ ಅಲ್ಲೇ ಇರಬೇಕು, ಎದುರಿಗೇ ನಿಲ್ಲಿಸಿದ ಕಾರಿನಿಂದ ಹಾಲಿನ ಡಬ್ಬ ತರುವುದಕ್ಕೂ ಹೊರಗೆ ಕಾಲಿಡುವಂತಿಲ್ಲ. ಅದು ಸಲಹೆಯಲ್ಲ, ಕಾನೂನು. ಮೀರಿದವರಿಗೆ ದಂಡ ಬೀಳುತ್ತದೆ. ಆ ಚಳಿಗಾಲದಲ್ಲಂತೂ ಆಲ್ಟಾದಲ್ಲಿ ಒಟ್ಟು 903 ಇಂಚು ಹಿಮ ಬಿತ್ತು, ಅಂದರೆ ಎಪ್ಪತ್ತೈದು ಅಡಿ. ಮನೆಯ ಮೇಲೆ ಮನೆ ಇಟ್ಟ ಹಾಗೆ ಏಳು ಮಹಡಿ ಲೆಕ್ಕ ಹಾಕಿಕೊಳ್ಳಿ.

ಅಕ್ಕ, ಭಾವ, ಅವರ ಎಂಟು ವರ್ಷದ ಮಗ ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಿಂದ ಬಂದಿದ್ದರು. ಅಮ್ಮ ಮೈಸೂರಿನಿಂದ ಬಂದು ನಮ್ಮ ಜೊತೆ ಇದ್ದರು. ನನ್ನ ಮಗಳಿಗೆ ಆಗ ನಾಲ್ಕು ತುಂಬಿತ್ತು. ನಮ್ಮ ಮನೆಯವರಿಗೆ ಕೆಲಸವಿದ್ದದ್ದರಿಂದ ಮರುದಿನ ಬೆಳಿಗ್ಗೆ ಬಂದು ಸೇರಿಕೊಳ್ಳುತ್ತೇನೆ ಎಂದಿದ್ದರು. ಸಂಜೆ ಐದರ ಹೊತ್ತಿಗೆ ರಸ್ತೆ ಮುಚ್ಚಿತು. ಅವರು ಕೆಳಗೆ, ನಾವು ಮೇಲೆ. ಕತ್ತಲಾದ ಮೇಲೆ ಲಾಡ್ಜಿನವರು ಬಾಗಿಲಿಗೆ ಚೀಟಿ ಅಂಟಿಸಿ ಇಂಟರ್‌ಲಾಡ್ಜ್ ಶುರುವಾಯಿತೆಂದು ಹೇಳಿದರು. ಕಿಟಕಿಯಾಚೆ ಹಿಮ ಬಿಟ್ಟರೆ ಬೇರೆ ಏನೂ ಕಾಣುತ್ತಿರಲಿಲ್ಲ. ಒಳಗೆ ದೊಡ್ಡ ಹಾಲಿನಲ್ಲಿ ಕಲ್ಲಿನ ಅಗ್ಗಿಷ್ಟಿಕೆ, ಅದರ ಸುತ್ತ ಹತ್ತಿಪ್ಪತ್ತು ಜನ. ಅಮ್ಮ ಮೆತ್ತನೆಯ ಕುರ್ಚಿ ಹುಡುಕಿ, ಶಾಲು ಹೊದ್ದು, ನಾವು ಕಟ್ಟಿಕೊಂಡು ಬಂದಿದ್ದ ಚಕ್ಕುಲಿಯ ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಕೂತರು.

ಮರುದಿನ ಮಕ್ಕಳಿಗೆ ಪಾಠಕ್ಕೆ ಹೆಸರು ಕೊಡಬೇಕಿತ್ತು. ಇಬ್ಬರೂ ಅದುವರೆಗೆ ಸ್ಕೀ, ಬೋರ್ಡ್ ಎರಡನ್ನೂ ಮುಟ್ಟಿದವರಲ್ಲ. ಯಾವುದಕ್ಕೆ ಹೆಸರು ಕೊಡುವುದು? ವಾದ ಶುರುವಾದದ್ದು ಅಲ್ಲಿಂದ.

ಭಾವನಿಗೆ ಬೋರ್ಡೆಂದರೆ ಪ್ರಾಣ. ಟಾಹೋ ಸರೋವರದ ಸುತ್ತಲಿನ ಬೆಟ್ಟಗಳಲ್ಲಿ ಕಲಿತವರು. "ಇಬ್ರಿಗೂ ಬೋರ್ಡೇ ಬರೆಸೋಣ," ಎಂದರು. "ಮೊದ್ಲು ಸ್ಕೀ ಕಲಿಸಿ ಆಮೇಲೆ ಬೋರ್ಡಿಗೆ ಬದಲಾಯಿಸಿದ್ರೆ ಎರಡು ಸಲ ಕಲಿತ ಹಾಗಾಗತ್ತೆ. ಸ್ಕೀ ಬೂಟು ಹಾಕ್ಕೊಂಡ ಮಗು ನಡೆಯೋದನ್ನ ನೋಡಿದೀಯಾ? ಕಾಲಿಗೆ ಕಬ್ಬಿಣ ಹೊಡೆದಂಗೆ. ಬೋರ್ಡಿನ ಬೂಟು ಮೆತ್ತಗಿರತ್ತೆ. ಎರಡು ಕೋಲು ಹಿಡ್ಕೋಬೇಕಿಲ್ಲ, ಎರಡು ಹಲಗೆ ಹೊರಬೇಕಿಲ್ಲ."

"ಮಣಿಕಟ್ಟು ಮುರ್ಕೊಂಡ್ರೆ?" ಎಂದಳು ಅಕ್ಕ. "ಇವನಿಗೂ ಸ್ಕೀನೇ ಇರ್ಲಿ. ಅದಾದ್ರೆ ಭಯ ಇಲ್ಲ."

ಅಕ್ಕನ ಮಗ ಮುಖ ಸಣ್ಣದು ಮಾಡಿಕೊಂಡ. ಅವನು ಕ್ಲೋಯಿ ಕಿಮ್‌ಳ ವಿಡಿಯೋಗಳನ್ನು ನೋಡಿ ನೋಡಿ ಬಂದವನು. ಕ್ಯಾಲಿಫೋರ್ನಿಯಾದ ಆ ಹುಡುಗಿ ನಾಲ್ಕನೇ ವಯಸ್ಸಿಗೇ ಅಪ್ಪನ ಜೊತೆ ಬೋರ್ಡ್ ಹತ್ತಿದವಳು, 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಹದಿನೇಳರ ವಯಸ್ಸಿಗೆ ಚಿನ್ನ ಗೆದ್ದವಳು. ಭಾವ ಅದನ್ನೇ ಹಿಡಿದರು. "ನೋಡು, ನಾಲ್ಕಕ್ಕೇ ಶುರು ಮಾಡಿದ್ಲು. ನಿನ್ನ ಮಗಳಿಗೂ ನಾಲ್ಕು."

"ಶಾನ್ ವೈಟ್ ಕೂಡ ನಾಲ್ಕಕ್ಕೇ ಶುರು ಮಾಡಿದ್ದು ಭಾವ, ಆದ್ರೆ ಸ್ಕೀ ಮೇಲೆ," ಎಂದೆ. "ಬೋರ್ಡ್ ಹತ್ತಿದ್ದು ಆರಕ್ಕೆ."

ಭಾವ ಬಿಡಲಿಲ್ಲ. ಸ್ನೋಬೋರ್ಡ್ ಹುಟ್ಟಿದ್ದೇ ಮಕ್ಕಳಿಗಾಗಿ ಎಂಬುದು ಅವರ ಮುಂದಿನ ಮಾತು, ಅದು ನಿಜವೂ ಹೌದು. 1965ರ ಕ್ರಿಸ್‌ಮಸ್ ದಿನ ಮಿಷಿಗನ್ ರಾಜ್ಯದ ಮಸ್ಕೀಗನ್ ಎಂಬ ಊರಿನಲ್ಲಿ ಶೆರ್ಮನ್ ಪಾಪೆನ್ ಎಂಬವರ ಮನೆಯಲ್ಲಿ ಹೆಣ್ಣುಮಕ್ಕಳು ಆಟಕ್ಕೆ ಹಟ ಮಾಡುತ್ತಿದ್ದರು. ಅವರಲ್ಲೊಬ್ಬಳು ಜಾರುಬಂಡಿಯ ಮೇಲೆ ನಿಂತೇ ದಿಬ್ಬ ಇಳಿಯಲು ನೋಡಿದ್ದನ್ನು ಕಂಡ ಅಪ್ಪ, ಎರಡು ಸ್ಕೀಗಳನ್ನು ಪಕ್ಕಪಕ್ಕದಲ್ಲಿಟ್ಟು ಜೋಡಿಸಿ ಒಂದು ಹಲಗೆ ಮಾಡಿಕೊಟ್ಟರು. ಹೆಂಡತಿ ಅದಕ್ಕೆ ಸ್ನರ್ಫರ್ ಎಂದು ಹೆಸರಿಟ್ಟರು. ಮುಂದೆ ಅದು ಆಟಿಕೆಯಾಗಿ ಅಂಗಡಿಗಳಿಗೆ ಬಂತು. ಅದರ ಮೇಲೆ ಆಡಿ ಬೆಳೆದ ಜೇಕ್ ಬರ್ಟನ್ 1977ರಲ್ಲಿ ವರ್ಮಾಂಟಿನಲ್ಲಿ ಬೋರ್ಡ್ ಮಾಡುವ ಕಂಪನಿ ಕಟ್ಟಿದರು. 1998ರ ನಗಾನೋ ಒಲಿಂಪಿಕ್ಸ್‌ಗೆ ಸ್ನೋಬೋರ್ಡ್ ಸೇರಿತು. ಒಂದು ಮನೆಯ ಅಂಗಳದ ಆಟ ಒಲಿಂಪಿಕ್ಸ್ ಮುಟ್ಟಲು ಮೂವತ್ತಮೂರು ವರ್ಷ. ಭಾವ ಇದನ್ನು ಹೇಳುವಾಗ ಅವರ ಕಣ್ಣಲ್ಲಿ ಬೆಳಕಿತ್ತು. ಅಮ್ಮನಿಗೂ ಆ ಅಪ್ಪ ಇಷ್ಟವಾದರು.

"ಆ ಹುಡುಗಿಗೆ ಎಷ್ಟು ವಯಸ್ಸು?" ಎಂದು ಅಮ್ಮ ಕೇಳಿದರು. ಶಾಲೆಗೆ ಹೋಗುವ ದೊಡ್ಡ ಹುಡುಗಿ ಎಂದು ಭಾವ ಹೇಳಬೇಕಾಯಿತು. ಅಮ್ಮ ಮತ್ತೇನೂ ಹೇಳದೆ ಅವರಿಗೊಂದು ಚಕ್ಕುಲಿ ಕೊಟ್ಟರು.

ನಾನು ಆಗ ನನ್ನ ವೃತ್ತಿಯ ಮಾತು ಹೇಳಿದೆ. ಅಕ್ಕ ತಿಳಿದ ಹಾಗೆ ಸ್ಕೀ ಭಯವಿಲ್ಲದ್ದು, ಬೋರ್ಡ್ ಭಯದ್ದು ಎಂಬ ಲೆಕ್ಕವಿಲ್ಲ. ಪೆಟ್ಟು ಬೀಳುವ ಜಾಗ ಬೇರೆ, ಅಷ್ಟೆ. ಬೋರ್ಡ್ ಕಲಿಯುವವರು ಬೀಳುವಾಗ ಕೈ ಚಾಚುತ್ತಾರೆ. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬರುತ್ತದೆ. ಮಕ್ಕಳಲ್ಲಿ ಎಲುಬು ಬೆಳೆಯುವ ತುದಿ ಅಲ್ಲೇ ಇರುವುದರಿಂದ ನಾವು ಎಚ್ಚರ ವಹಿಸುತ್ತೇವೆ. ಸ್ಕೀಯಲ್ಲಿ ಕೈಗಿಂತ ಕಾಲಿಗೆ ಅಪಾಯ. ಒಂದು ಸ್ಕೀ ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ ಎಳೆದಾಗ ಮೊಣಕಾಲು ತಿರುಚುತ್ತದೆ, ಸಣ್ಣ ಮಕ್ಕಳಲ್ಲಾದರೆ ಮೊಣಕಾಲಿನ ಕೆಳಗಿನ ಮೂಳೆ ಬಿರುಕು ಬಿಡುವುದುಂಟು. ಅದಕ್ಕೇ ಬೂಟನ್ನು ಸ್ಕೀಗೆ ಕಚ್ಚಿ ಹಿಡಿಯುವ ಬೈಂಡಿಂಗನ್ನು, ಕಾಲು ಜೋರಾಗಿ ತಿರುಚಿದಾಗ ಬೂಟನ್ನು ಬಿಟ್ಟುಕೊಡುವ ಹಾಗೆ ಮಾಡಿರುತ್ತಾರೆ, ಮಗುವಿನ ತೂಕ ನೋಡಿ ಅಂಗಡಿಯವರು ಅದನ್ನು ಬಿಗಿ ಮಾಡುತ್ತಾರೆ. ಅಂಗಡಿಯಲ್ಲಿ ತೂಕ ಕೇಳಿದಾಗ ಸುಮ್ಮನೆ ಅಂದಾಜು ಹೇಳಬೇಡಿ, ಇದನ್ನು ನಾನು ಎಲ್ಲ ತಂದೆತಾಯಿಗಳಿಗೂ ಹೇಳುತ್ತೇನೆ. ಬೋರ್ಡಿನ ಬೈಂಡಿಂಗ್ ಹಾಗೆ ಬಿಡುವುದಿಲ್ಲ. ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿರುವುದರಿಂದ ಮೊಣಕಾಲು ಅಷ್ಟು ತಿರುಚುವುದಿಲ್ಲ.

"ಬೀಳೋದು ಎರಡರಲ್ಲೂ ಇದೆ ಅಂತಾಯ್ತು," ಎಂದರು ಅಮ್ಮ. "ಎದ್ದೇಳೋದು ಯಾವುದರಲ್ಲಿ ಸಲೀಸು?"

ಆ ರಾತ್ರಿ ಕೇಳಿದ ಪ್ರಶ್ನೆಗಳಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ. ಭಾವ ಎದ್ದು ನಿಂತು, ಎರಡೂ ಪಾದ ಜೋಡಿಸಿ, ನೆಲದ ಮೇಲೆ ಕೂತು, ಹೊಟ್ಟೆಯ ಮೇಲೆ ಹೊರಳಿ, ಮಂಡಿಯೂರಿ, ಕೈ ಊರಿ ಏಳುವುದನ್ನು ಮಾಡಿ ತೋರಿಸಿದರು. ಅಮ್ಮ ನೋಡುತ್ತಿದ್ದು, "ಓಹೋ, ಇದು ನಮ್ಮ ಸ್ಕೂಲಿನ ಗೋಣಿಚೀಲದ ಓಟ," ಎಂದುಬಿಟ್ಟರು.

ಅಷ್ಟು ಹೊತ್ತಿಗೆ ಬೆಂಕಿಯ ಆ ಬದಿಯಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು ನಮ್ಮ ಕಡೆ ನೋಡಿ ನಗುತ್ತಿದ್ದರು. ಭಾಷೆ ತಿಳಿಯದಿದ್ದರೂ ಭಾವ ನೆಲದ ಮೇಲೆ ಹೊರಳಿದ್ದರಿಂದ ವಿಷಯ ತಿಳಿದಿತ್ತು. ಮೂವತ್ತಕ್ಕೂ ಹೆಚ್ಚು ಚಳಿಗಾಲ ಆ ಕಣಿವೆಯಲ್ಲಿ ಮಕ್ಕಳಿಗೆ ಸ್ಕೀ ಕಲಿಸಿದವರು, ಆಮೇಲೆ ತಾವೇ ಬೋರ್ಡನ್ನೂ ಕಲಿತು ಕಲಿಸಿದವರು. ವಾದವನ್ನು ನಾವು ವಿವರಿಸಿದೆವು. ಅವರು ಮಕ್ಕಳಿಬ್ಬರನ್ನೂ ಹತ್ತಿರ ಕರೆದು, "ನಿಮ್ಮ ಕಾಲನ್ನೇ ಕೇಳೋಣ," ಎಂದರು.

ಬೂಟು ಬಿಚ್ಚಿಸಿ, ಬರೀ ಕಾಲುಚೀಲದಲ್ಲಿ, ನುಣುಪಾದ ಮರದ ನೆಲದ ಮೇಲೆ ಓಡಿ ಬಂದು ಜಾರಲು ಹೇಳಿದರು. ಅಕ್ಕನ ಮಗ ಜಾರಿದ. ಎಡಗಾಲು ಮುಂದೆ. ಇನ್ನೊಂದು ಸಲ, ಮತ್ತೊಂದು ಸಲ, ಪ್ರತಿ ಸಲವೂ ಎಡಗಾಲೇ. ನನ್ನ ಮಗಳು ಮೊದಲು ಬಲಗಾಲು ಮುಂದಿಟ್ಟಳು, ಆಮೇಲೆ ಎಡಗಾಲು. ಮತ್ತೆ ಕರೆದಾಗ ಎರಡೂ ಪಾದ ಸಮವಾಗಿ ಮುಂದೆ ಚಾಚಿ ದೊಪ್ಪೆಂದು ಕೂತು ನಕ್ಕಳು. ಹಿಂದಿನಿಂದ ಮೆಲ್ಲಗೆ ತಳ್ಳಿ ನೋಡಿದರು, ಯಾವ ಕಾಲು ತಾನಾಗಿ ಮುಂದೆ ಬೀಳುತ್ತದೆ ಎಂದು. ಹುಡುಗನದು ಮತ್ತೆ ಎಡ. ಇವಳದು ನಿಶ್ಚಯವಿಲ್ಲ. ಬೋರ್ಡಿನ ಮೇಲೆ ಅಡ್ಡಲಾಗಿ ನಿಂತು ಒಂದು ಕಾಲನ್ನು ಮುಂದಾಳು ಮಾಡಿಕೊಳ್ಳಬೇಕು. ನಾಲ್ಕು ವರ್ಷದ ಎಷ್ಟೋ ಮಕ್ಕಳಲ್ಲಿ ಆ ಮುಂದಾಳು ಯಾರೆಂಬುದು ಇನ್ನೂ ಗಟ್ಟಿಯಾಗಿರುವುದಿಲ್ಲ.

ಆಮೇಲೆ ಅಡ್ಡಲಾಗಿ ನಿಲ್ಲಿಸಿ, ಭುಜದ ಮೇಲಿಂದ ಬೆಂಕಿಯ ಕಡೆ ನೋಡಿ ಎಂದರು. ಹುಡುಗ ಕತ್ತು ತಿರುಗಿಸಿದ, ಮೈ ಇದ್ದಲ್ಲೇ ಇತ್ತು. ನನ್ನ ಮಗಳು ಕತ್ತು ತಿರುಗಿಸಿದ ಕೂಡಲೇ ಭುಜ ತಿರುಗಿತು, ಸೊಂಟ ತಿರುಗಿತು, ಪಾದವೂ ತಿರುಗಿತು. ಇದನ್ನು ನಾನು ಕ್ಲಿನಿಕ್ಕಿನಲ್ಲಿ ಎಷ್ಟೋ ಸಲ ನೋಡಿದ್ದೇನೆ. ಪುಟ್ಟ ಮಕ್ಕಳಿಗೆ ಮುಖ ಎತ್ತಲೋ ಮೈಯೆಲ್ಲ ಅತ್ತಲೇ. ಸ್ಕೀ ಮೇಲೆ ಅದು ತೊಂದರೆಯಲ್ಲ, ಅಲ್ಲಿ ಹೋಗಬೇಕಾದದ್ದೂ ಮುಖದ ದಿಕ್ಕಿಗೇ. ಬೋರ್ಡ್ ಮೇಲೆ ಹೋಗುವ ದಿಕ್ಕು ಬೇರೆ, ಎದೆಯ ದಿಕ್ಕು ಬೇರೆ.

ಕೊನೆಗೆ ಮಂಡಿ ಸ್ವಲ್ಪ ಬಗ್ಗಿಸಿ ಹಿಮ್ಮಡಿಯ ಮೇಲೆ ನಿಂತು ಕಾಲ್ಬೆರಳು ಎತ್ತಿ ಹಿಡಿಯಲು ಹೇಳಿದರು. ಬೋರ್ಡಿಗೆ ಎರಡು ಅಂಚು: ಹಿಮ್ಮಡಿಯ ಕಡೆಯದೊಂದು, ಕಾಲ್ಬೆರಳ ಕಡೆಯದೊಂದು. ವೇಗ ತಗ್ಗಿಸುವುದು, ನಿಲ್ಲಿಸುವುದು, ತಿರುಗುವುದು, ಎಲ್ಲವೂ ಆ ಅಂಚುಗಳ ಮೇಲೆ ಭಾರ ಬದಲಿಸುವುದರಲ್ಲಿದೆ. ಹುಡುಗ ನಡುಗುತ್ತಲೇ ಹತ್ತು ಎಣಿಸುವವರೆಗೆ ನಿಂತ. ನನ್ನ ಮಗಳಿಗೆ ಎರಡು ಎಣಿಸುವಷ್ಟರಲ್ಲಿ ಹಿಂದಕ್ಕೆ ಬಿದ್ದಂತಾಯಿತು. ಆ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಭಾರ ಮೇಲಿರುತ್ತದೆ, ಪಾದದ ಕೀಲಿನ ಸೂಕ್ಷ್ಮ ಹಿಡಿತ ಇನ್ನೂ ಬಂದಿರುವುದಿಲ್ಲ. "ಈಗ ಹೆಬ್ಬೆರಳು ಎರಡೂ ಹತ್ತಿರ, ಹಿಮ್ಮಡಿ ದೂರ ಇಟ್ಟು ನಿಲ್ಲು," ಎಂದರು ಆಕೆ. ಒಂದು ಕ್ಷಣವೂ ಯೋಚಿಸದೆ ನಿಂತಳು. ಸ್ಕೀ ಕಲಿಯುವ ಮಕ್ಕಳು ವೇಗ ತಗ್ಗಿಸುವುದು ಹೀಗೆಯೇ. ಎರಡು ಸ್ಕೀಗಳ ಮೂತಿ ಹತ್ತಿರ, ಬಾಲ ಅಗಲ. ಮಾಸ್ತರುಗಳು ಅದನ್ನು ಪಿಜ್ಜಾ ಎನ್ನುತ್ತಾರೆ, ಎರಡೂ ಸಮನಾಗಿ ನೇರ ಇದ್ದರೆ ಫ್ರೆಂಚ್ ಫ್ರೈಸ್.

ಭಾವ ಸುಮ್ಮನಾಗಲಿಲ್ಲ, ಅವರ ಮಾತಿನಲ್ಲಿ ಹುರುಳೂ ಇತ್ತು. "ಏಳೆಂಟು ವರ್ಷ ಆಗೋ ತನಕ ಬೋರ್ಡ್ ಬೇಡ ಅಂತ ಹಿಂದೆ ಹೇಳ್ತಿದ್ದದ್ದು ಮಕ್ಕಳ ಅಳತೆಗೆ ಬೋರ್ಡೇ ಸಿಗ್ತಿರ್ಲಿಲ್ಲ ಅಂತ. ದೊಡ್ಡವರ ಗಟ್ಟಿ ಹಲಗೇನ ಮಗು ಹೇಗೆ ಬಗ್ಗಿಸತ್ತೆ? ಈಗ 80 ಸೆಂಟಿಮೀಟರಿನ ಮೆತ್ತನೆ ಬೋರ್ಡ್ ಇದೆ. ಅಂಚು ನೆಲಕ್ಕೆ ಕಚ್ಚದ ಹಾಗೆ ಸ್ವಲ್ಪ ಮೇಲಕ್ಕೆ ಎತ್ತಿರ್ತಾರೆ. ಮುಂದೆ ಹಗ್ಗ ಕಟ್ಟಿ ಎಳೀಬಹುದು."

ಆಕೆ ಒಪ್ಪಿದರು. ತಾವೂ ಮೂರು ನಾಲ್ಕು ವರ್ಷದ ಮಕ್ಕಳನ್ನು ಅಂಥ ಬೋರ್ಡಿನ ಮೇಲೆ ನಿಲ್ಲಿಸಿ ಎಳೆದಾಡಿಸಿದ್ದೇನೆ, ಅರ್ಧ ಗಂಟೆ ಸೊಗಸಾಗಿ ಆಡುತ್ತಾರೆ ಎಂದರು. ಆಮೇಲೆ ಹೇಳಿದ್ದನ್ನು ನಾನು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ. ಎಳೆಸಿಕೊಂಡು ಹೋಗುವುದು ಬೇರೆ, ತಾನೇ ನಿಲ್ಲಿಸುವುದು ಬೇರೆ. ಯಾವುದರ ಮೇಲೆ ಈ ಮಗು ಬೇಗ ತಾನಾಗಿ ನಿಲ್ಲುತ್ತದೋ ಅದನ್ನು ಮೊದಲು ಕೊಡಿ. ನಿಲ್ಲಿಸಲು ಬಂದ ಮಗುವಿಗೆ ಹೆದರಿಕೆ ಹೋಗುತ್ತದೆ, ಹೆದರಿಕೆ ಹೋದ ಮಗು ನಾಳೆ ಮತ್ತೆ ಬರುತ್ತೇನೆ ಎನ್ನುತ್ತದೆ. ಈಕೆಗೆ ಸ್ಕೀ. ಹುಡುಗನಿಗೆ ಎರಡೂ ಆಗುತ್ತದೆ, ಅವನಿಗೆ ಯಾವುದು ಬೇಕೋ ಅದು.

ಅವನು ಬೋರ್ಡ್ ಎಂದ. ಅಕ್ಕ ನನ್ನ ಮುಖ ನೋಡಿದಳು. ನಾನು ಹೇಳಿದೆ: ಮಣಿಕಟ್ಟಿಗೆ ಗಾರ್ಡ್ ಕಟ್ಟೋಣ, ತಲೆಗೆ ಹೆಲ್ಮೆಟ್, ಬೀಳುವಾಗ ಅಂಗೈ ಚಾಚದೆ ಮುಷ್ಟಿ ಹಿಡಿದು ಮುಂಗೈ ಮೇಲೆ ಬೀಳುವುದನ್ನು ಈಗಲೇ ಇಲ್ಲಿ ಕಲಿಸೋಣ. ಮಣಿಕಟ್ಟಿನ ಗಾರ್ಡ್ ಪೆಟ್ಟನ್ನು ಕಡಿಮೆ ಮಾಡುತ್ತದೆಂಬುದಕ್ಕೆ ಒಳ್ಳೆಯ ಆಧಾರವಿದೆ. ಆದರೂ ಬಾಡಿಗೆ ಅಂಗಡಿಯಲ್ಲಿ ಅದನ್ನು ಕೇಳಿ ಪಡೆಯುವವರು ಕಡಿಮೆ, ನನಗೆ ಇದು ಪ್ರತಿ ವರ್ಷವೂ ಬೇಸರದ ವಿಷಯ. ಎಂಟು ವರ್ಷದ ಹುಡುಗ ಒಂದನ್ನು ಮನಸಾರೆ ಬೇಕೆಂದು ಕೇಳುತ್ತಿರುವಾಗ ಬೇರೆಯದನ್ನು ಕಾಲಿಗೆ ಕಟ್ಟಿದರೆ ಅವನು ಎದ್ದೇಳುವ ಪ್ರತಿ ಸಲವೂ ಮನಸ್ಸಿಲ್ಲದೆ ಏಳುತ್ತಾನೆ. ಬೋರ್ಡ್ ಕಲಿಯಲು ಶುರುವಿನಲ್ಲಿ ಏಳಬೇಕಾದದ್ದು ಬಹಳ. ಬೇಕೆಂಬ ಆಸೆಯೇ ಅಲ್ಲಿ ಬಂಡವಾಳ. ಅಕ್ಕ ಒಪ್ಪಿದಳು.

"ಹಾಗಾದ್ರೆ ಇಬ್ರೂ ಒಂದೇ ಕಡೆ ಆಡ್ಬಹುದಲ್ಲ?" ಎಂದರು ಅಮ್ಮ.

ಭಾವನ ದನಿ ಏರಿತು. ನಾವಿದ್ದ ಲಾಡ್ಜಿನಿಂದ ಆಲ್ಟಾ ಹತ್ತಿರ, ಆದರೆ ಆಲ್ಟಾದಲ್ಲಿ ಸ್ನೋಬೋರ್ಡಿಗೆ ಪ್ರವೇಶವಿಲ್ಲ. ಇಡೀ ಅಮೆರಿಕದಲ್ಲಿ ಇಂಥ ಬೆಟ್ಟಗಳು ಮೂರೇ ಉಳಿದಿವೆ: ಯೂಟಾದಲ್ಲಿ ಆಲ್ಟಾ, ಡೀರ್ ವ್ಯಾಲಿ, ವರ್ಮಾಂಟಿನಲ್ಲಿ ಮ್ಯಾಡ್ ರಿವರ್ ಗ್ಲೆನ್. ಆಲ್ಟಾದ ಬಹುಪಾಲು ನೆಲ ಸರ್ಕಾರದ ಅರಣ್ಯ ಇಲಾಖೆಯದು. ಸಾರ್ವಜನಿಕರ ನೆಲದಲ್ಲಿ ಹೀಗೆ ತಡೆಯಬಹುದೇ ಎಂದು 2014ರಲ್ಲಿ ಬೋರ್ಡಿನವರು ನ್ಯಾಯಾಲಯಕ್ಕೆ ಹೋದರು. ದಾವೆ ವಜಾ ಆಯಿತು, 2016ರಲ್ಲಿ ಮೇಲ್ಮನವಿಯಲ್ಲೂ ಸೋತರು. "ಒಂದು ಹಲಗೆಗೂ ಎರಡು ಹಲಗೆಗೂ ಏನು ವ್ಯತ್ಯಾಸ ಅತ್ತೆ? ಹಿಮ ಒಂದೇ ತಾನೇ?" ಎಂದರು ಭಾವ. ಆ ಮಾತಿನಲ್ಲಿ ನಾನು ಅವರ ಕಡೆಯವಳು. ಸ್ಕೀಯವರು ಅಲ್ಲಿನ ನೆಮ್ಮದಿಯನ್ನು ಹೊಗಳುವುದು ನನಗೆ ಗೊತ್ತು, ನಾನೇ ಅಲ್ಲಿ ಸ್ಕೀ ಮಾಡುತ್ತೇನೆ. ಆದರೆ ಒಂದೇ ಮನೆಯ ಮಕ್ಕಳಲ್ಲಿ ಒಬ್ಬರನ್ನು ಬಾಗಿಲಲ್ಲಿ ನಿಲ್ಲಿಸುವ ಬೆಟ್ಟಕ್ಕೆ ಮಕ್ಕಳ ಮೊದಲ ದಿನ ಹೋಗಲು ನನಗೆ ಮನಸ್ಸಿರಲಿಲ್ಲ. ಸ್ನೋಬರ್ಡಿಗೇ ಹೋಗುವುದೆಂದು ತೀರ್ಮಾನವಾಯಿತು.

ಮಕ್ಕಳನ್ನು ಮಲಗಿಸಲು ಕರೆದೊಯ್ಯುವ ಮುಂಚೆ ಆ ಹಿರಿಯ ಹೆಂಗಸು ಇನ್ನೊಂದು ಹೆಸರು ಹೇಳಿದರು: ಎಸ್ಟರ್ ಲೆಡೆಟ್ಸ್ಕಾ. ಚೆಕ್ ದೇಶದವಳು. 2018ರ ಪ್ಯೊಂಗ್‌ಚಾಂಗ್‌ನಲ್ಲಿ ಸ್ಕೀಯ ಸೂಪರ್-ಜಿ ಓಟವನ್ನು ಒಂದು ಸೆಕೆಂಡಿನ ನೂರನೇ ಒಂದು ಪಾಲಿನಲ್ಲಿ ಗೆದ್ದಳು. ಫಲಕ ನೋಡಿ ತಾನೇ ನಂಬಲಿಲ್ಲ. ಒಂದು ವಾರ ಕಳೆದು ಸ್ನೋಬೋರ್ಡಿನ ಪ್ಯಾರಲಲ್ ಜೈಂಟ್ ಸ್ಲಾಲಂನಲ್ಲೂ ಚಿನ್ನ ಗೆದ್ದಳು. ಒಂದೇ ಕೂಟ, ಎರಡು ಸಲಕರಣೆ. ಅಕ್ಕನ ಮಗ ನನ್ನ ಮಗಳನ್ನು ನೋಡಿದ, ಅವಳು ಅವನನ್ನು ನೋಡಿದಳು. ಇಬ್ಬರಿಗೂ ಆ ಗೆಲುವು ತಮ್ಮದೇ ಅನ್ನಿಸಿರಬೇಕು.

ನಸುಕಿನಲ್ಲಿ ಗುಡುಗಿನಂಥ ಸದ್ದಿಗೆ ಅಮ್ಮ ಎದ್ದು ಕೂತರು. ಹಿಮ ತಾನಾಗಿ ಕುಸಿಯುವ ಮೊದಲೇ ಸ್ಫೋಟಿಸಿ ಇಳಿಸುತ್ತಾರೆ. ದಶಕಗಳ ಕಾಲ ಈ ಕಣಿವೆಯಲ್ಲಿ ಅದಕ್ಕೆ ಸೈನ್ಯದ ಫಿರಂಗಿಗಳನ್ನೇ ಬಳಸಿದ್ದಾರೆ. ಬೆಳಗಾದಾಗ ಮೋಡ ಹರಿದಿತ್ತು. ಹೊರಗೆ ಬಿಡಲು ಹತ್ತು ಗಂಟೆಯಾಯಿತು.

ಸ್ನೋಬರ್ಡಿನಲ್ಲಿ ಚಿಕಡೀ ಎಂಬ ಲಿಫ್ಟಿನ ಬುಡದಲ್ಲಿ ಕಲಿಯುವವರ ಇಳಿಜಾರಿದೆ. ನನ್ನ ಮಗಳ ಕೈಗೆ ಕೋಲು ಕೊಡಲಿಲ್ಲ, ಆ ವಯಸ್ಸಿನವರಿಗೆ ಕೊಡುವುದಿಲ್ಲ. ಸ್ಕೀಗಳ ಮೂತಿ ಬೇರೆ ಬೇರೆ ಹೋಗದ ಹಾಗೆ ಎರಡನ್ನೂ ಸೇರಿಸಿ ಸಣ್ಣ ರಬ್ಬರ್ ಕ್ಲಿಪ್ ಹಾಕಿದರು. ಮೊದಲು ಒಂದೇ ಸ್ಕೀ ಕಟ್ಟಿಕೊಂಡು ಸಮನೆಲದ ಮೇಲೆ ಸುತ್ತು, ಆಮೇಲೆ ಇನ್ನೊಂದು ಕಾಲಿಗೆ, ಆಮೇಲೆ ಎರಡೂ. ಬೂಟು ಬಿಗಿ ಎಂದು ಒಂದು ಸಲ ಅತ್ತಳು. ಭಾವ ಹೇಳಿದ್ದು ಅಲ್ಲಿ ಸರಿಯಾಗಿತ್ತು. ಬೂಟು ಬಿಚ್ಚಿ ನೋಡಿದರೆ ಕಾಲುಚೀಲ ಮಡಚಿಕೊಂಡು ಕೂತಿತ್ತು, ಸರಿಮಾಡಿದ ಮೇಲೆ ಅಳು ನಿಂತಿತು. ಒಂದೇ ತೆಳು ಕಾಲುಚೀಲ, ಮಡಿಕೆಯಿಲ್ಲದೆ, ಮೊಣಕಾಲವರೆಗೆ. ಚಳಿಯೆಂದು ಎರಡು ಜೊತೆ ಹಾಕಿದರೆ ಪಾದ ಇನ್ನೂ ತಣ್ಣಗಾಗುತ್ತದೆ, ನೋವೂ ಹೆಚ್ಚು. ಮಧ್ಯಾಹ್ನದ ಹೊತ್ತಿಗೆ ಅವಳು ಹತ್ತಡಿ ಜಾರಿ, ಹಿಮ್ಮಡಿ ಅಗಲಿಸಿ, ಯಾರೂ ಹಿಡಿಯದೆ ನಿಂತಳು. ನಿಂತು, ತಿರುಗಿ, ಅಜ್ಜಿಯ ಕಡೆ ಎರಡೂ ಕೈ ಎತ್ತಿದಳು. ಅಮ್ಮ ಬೇಲಿಯಾಚೆ ಶಾಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಅಕ್ಕನ ಮಗನ ಬೆಳಿಗ್ಗೆ ಹಾಗಿರಲಿಲ್ಲ. ಮುಂಗಾಲು ಮಾತ್ರ ಕಟ್ಟಿಕೊಂಡು ಹಿಂಗಾಲಲ್ಲಿ ತಳ್ಳಿಕೊಂಡು ಹೋಗುವುದು, ಹಿಮ್ಮಡಿಯ ಅಂಚಿನ ಮೇಲೆ ನಿಂತು ಇಳಿಜಾರಿಗೆ ಅಡ್ಡಲಾಗಿ ಜಾರುವುದು, ಆಮೇಲೆ ಆ ಬದಿಗೊಮ್ಮೆ ಈ ಬದಿಗೊಮ್ಮೆ ತೇಲಿ ಇಳಿಯುವುದು. ಕೆಳಗಿನ ಅಂಚು ಒಂದು ಕೂದಲೆಳೆ ಹಿಮಕ್ಕೆ ಕಚ್ಚಿದರೆ ಸಾಕು, ಬೋರ್ಡ್ ಅಲ್ಲೇ ನಿಂತು ಮೈ ಮುಂದಕ್ಕೆ ಎಸೆಯಲ್ಪಡುತ್ತದೆ. ಹಾಗೆ ಬಿದ್ದ, ಬಿದ್ದ, ಬಿದ್ದ. ಅಕ್ಕ ಒಂದು ಕಡೆ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಆದರೆ ಪ್ರತಿ ಸಲವೂ ಮುಷ್ಟಿ ಹಿಡಿದೇ ಬಿದ್ದ, ಹಿಂದಿನ ರಾತ್ರಿ ಕಾರ್ಪೆಟ್ಟಿನ ಮೇಲೆ ಕಲಿತದ್ದು ಕೈಹಿಡಿದಿತ್ತು. ಪ್ರತಿ ಸಲವೂ ಹೊರಳಿ, ಮಂಡಿಯೂರಿ, ತಾನೇ ಎದ್ದ. ರಸ್ತೆ ತೆರೆದ ಮೇಲೆ ಕೆಳಗಿನಿಂದ ಬಂದು ಸೇರಿದ ನಮ್ಮ ಮನೆಯವರು, "ಇಷ್ಟು ಬಿದ್ದ್ರೂ ಇವನಿಗೆ ಸಾಕು ಅನ್ನಿಸ್ತಿಲ್ವಲ್ಲ," ಎಂದು ಬೆರಗಾದರು. ಸ್ಕೀ ಕಲಿಯುವುದು ಸುಲಭ, ಪಳಗುವುದು ಕಷ್ಟ, ಬೋರ್ಡ್ ಕಲಿಯುವುದು ಕಷ್ಟ, ಆಮೇಲೆ ಬೇಗ ಪಳಗುತ್ತದೆ ಎಂದು ಬೆಟ್ಟದಲ್ಲಿ ಎಲ್ಲರೂ ಹೇಳುವ ಮಾತಿದೆ. ಅವನಲ್ಲಿ ಅದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಮರುದಿನ ಸಂಜೆಗೆ ಹಿಮ್ಮಡಿಯ ಅಂಚಿನಿಂದ ಕಾಲ್ಬೆರಳ ಅಂಚಿಗೆ, ಅಲ್ಲಿಂದ ಮತ್ತೆ ಹಿಮ್ಮಡಿಗೆ, ಬೀಳದೆ ಬಳುಕಿ ಇಳಿದ. ನನ್ನ ಮಗಳು ಆಗಲೂ ಪಿಜ್ಜಾದಲ್ಲೇ ಇದ್ದಳು, ಆ ಚಳಿಗಾಲ ಪೂರ್ತಿ ಅದರಲ್ಲೇ ಇದ್ದಳು.

ಕೊನೆಯ ಓಟದಲ್ಲಿ ನಾವೆಲ್ಲ ಒಟ್ಟಿಗೆ ಇಳಿದೆವು. ಕೆಳಗೆ ಒಂದು ಕಡೆ ದಾರಿ ಬಹುತೇಕ ಮಟ್ಟಸವಾಗುತ್ತದೆ. ಸ್ಕೀಯವರು ಕಾಲು ಬದಲಿಸುತ್ತ ನಡೆದುಕೊಂಡು ಹೋಗುತ್ತಾರೆ. ಬೋರ್ಡಿನವರ ವೇಗ ಸತ್ತರೆ ಒಂದು ಕಾಲು ಬಿಚ್ಚಿ ತಳ್ಳಬೇಕು. ಹುಡುಗ ಅಲ್ಲಿ ನಿಂತುಬಿಟ್ಟ, ಬೆರಳು ಮರಗಟ್ಟಿ ಬೈಂಡಿಂಗ್ ಬಿಚ್ಚಲಾಗಲಿಲ್ಲ. ನಾನು ಕೋಲಿನ ತುದಿ ಚಾಚಿದೆ, ಅವನು ಹಿಡಿದ. ನನ್ನ ಮಗಳೂ ಬಂದು, ತನಗೆ ಕೋಲಿಲ್ಲದಿದ್ದರೂ, ಅವನ ಜಾಕೆಟ್ಟಿನ ತುದಿ ಹಿಡಿದು ಎಳೆಯುತ್ತೇನೆಂದು ಹಟ ಮಾಡಿದಳು. "ಚಿಕ್ಕಮ್ಮ, ಇವಳಿಗೆ ಬಿಡಕ್ಕೆ ಹೇಳಿ, ಇಬ್ರೂ ಬೀಳ್ತೀವಿ," ಎಂದು ಅವನು ಕೂಗುತ್ತಿದ್ದ. ಬಿದ್ದರು ಕೂಡ.

ಕಳೆದ ಡಿಸೆಂಬರಿನಲ್ಲಿ ಮಗಳು ತಾನಾಗಿ ಬೋರ್ಡ್ ಕೇಳಿದಳು. ಏಳಕ್ಕೆ ಹತ್ತಿರ ಬಂದಿದ್ದಳು. ಮನೆಯ ಹಾಲಿನಲ್ಲಿ ಕಾಲುಚೀಲ ಹಾಕಿಸಿ ಜಾರಿಸಿ ನೋಡಿದೆ. ಬಲಗಾಲು ಮುಂದೆ, ಪ್ರತಿ ಸಲವೂ. ಪಕ್ಕದ ಕಣಿವೆಯ ಬ್ರೈಟನ್ನಿಗೆ ಕರೆದುಕೊಂಡು ಹೋದೆವು. ಅವಳೂ ಬಿದ್ದಳು, ಆದರೆ ಹಿಮದ ಮೇಲಿನ ವೇಗ, ಅಂಚು ಕಚ್ಚುವ ಸದ್ದು, ಲಿಫ್ಟ್ ಹತ್ತಿ ಇಳಿಯುವ ಕ್ರಮ, ಇವೆಲ್ಲ ಅವಳಿಗೆ ಸ್ಕೀಯಿಂದಲೇ ಗೊತ್ತಿತ್ತು. ಎರಡು ಸಲ ಕಲಿತ ಹಾಗಾಗುತ್ತದೆ ಎಂದು ಭಾವ ಹೇಳಿದ್ದರಲ್ಲ, ನಾನು ಕಂಡ ಮಟ್ಟಿಗೆ ಅರ್ಧ ಮಾತ್ರ ಹೊಸದಾಗಿ ಕಲಿತಳು.

ಮೊನ್ನೆ ಭಾವ ಫೋನ್ ಮಾಡಿದ್ದರು. ಈ ಸಲ ಕ್ರಿಸ್‌ಮಸ್ ರಜೆಗೆ ಬರುತ್ತಾರೆ. ಹುಡುಗನಿಗೆ ಆಲ್ಟಾ ನೋಡಲೇಬೇಕಂತೆ, ಅದಕ್ಕೆ ಸ್ಕೀ ಕಲಿಯುತ್ತೇನೆ ಎಂದು ಕೂತಿದ್ದಾನಂತೆ. "ನೀವು ಬರೋದಿಲ್ವಾ ಭಾವ ಆಲ್ಟಾಕ್ಕೆ?" ಎಂದೆ. "ನನ್ನ ಬೋರ್ಡನ್ನ ಒಳಗೆ ಬಿಡೋ ತನಕ ಇಲ್ಲ," ಎಂದರು, ಗಟ್ಟಿಯಾಗಿ. ಆಮೇಲೆ, ಹುಡುಗ ಉದ್ದ ಬೆಳೆದಿದ್ದಾನೆ, ಎಷ್ಟು ಉದ್ದದ ಸ್ಕೀ ತೆಗೆದಿಡಬೇಕು ಎಂದು ಕೇಳಿದರು. ನೆಲಕ್ಕೆ ನಿಲ್ಲಿಸಿದರೆ ಎದೆಗೂ ಗಲ್ಲಕ್ಕೂ ನಡುವೆ ಬರುವಷ್ಟು ಸಾಕು, ತೂಕ ಮಾತ್ರ ಸರಿಯಾಗಿ ನೋಡಿ ಹೇಳಿ ಎಂದೆ. ತಕ್ಕಡಿ ಎಲ್ಲಿದೆ ಎಂದು ಆ ಕಡೆ ಅಕ್ಕನನ್ನು ಕೂಗುತ್ತಿದ್ದರು.